ಒಳಗೆ ಟೊಳ್ಳಾದ ಕಾರ್ಬನ್ ಸೈಕಲ್ ಸಂದು: ಫೋಮ್ ತಿರುಳಿನ ಮೇಲೆ ಕಟ್ಟಿ, ತಿರುಳನ್ನು ಕರಗಿಸಿ ತೆಗೆಯುವ ಕ್ರಮ

ಸೈಕಲ್ ಫ್ರೇಮಿನಲ್ಲಿ ಹೆಚ್ಚು ದುಡಿಯುವ ಜಾಗ ಪೆಡಲಿನ ಅಚ್ಚು ತಿರುಗುವ ಬಾಟಮ್ ಬ್ರಾಕೆಟ್, ಮೆಕ್ಯಾನಿಕ್‌ಗಳ ಬಾಯಲ್ಲಿ ಬಿಬಿ. ಮುಂದಿನಿಂದ ಇಳಿಯುವ ಡೌನ್ ಟ್ಯೂಬ್, ಸೀಟಿನಿಂದ ಇಳಿಯುವ ಸೀಟ್ ಟ್ಯೂಬ್ ಮತ್ತು ಹಿಂದಿನ ಚಕ್ರಕ್ಕೆ ಹೋಗುವ ಎರಡು ಚೈನ್ ಸ್ಟೇಗಳು ಅಲ್ಲಿ ಕೂಡುತ್ತವೆ. ಮುಳ್ಳಯ್ಯನಗಿರಿಯ ಏರಿನಲ್ಲಿ ಸೀಟಿನಿಂದ ಎದ್ದು ತುಳಿಯುವವರ ಇಡೀ ಮೈಭಾರ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅದನ್ನೇ ತಿರುಚುತ್ತದೆ. ಈ ಸಂದನ್ನು ಮೋಲ್ಡ್ ಇಲ್ಲದೆ, ಒಂದೇ ಫ್ರೇಮಿಗಾಗಿ, ಹಾಸನ ಅಥವಾ ಚಿಕ್ಕಮಗಳೂರಿನಲ್ಲಿ ಸಿಗುವ ಸೌಕರ್ಯದಲ್ಲೇ ಕಟ್ಟುವ ವಿಧಾನ ಇದು. ಒಳಗಿನ ಆಕಾರವನ್ನು ಫೋಮಿನಲ್ಲಿ ಕೆತ್ತಬೇಕು (ಇದೇ ತಿರುಳು), ಮೇಲೆ ಎಪಾಕ್ಸಿ ಅಂಟಿನಲ್ಲಿ ನೆನೆಸಿದ ಕಾರ್ಬನ್ ಬಟ್ಟೆ ಸುತ್ತಬೇಕು, ಎಪಾಕ್ಸಿ ಗಟ್ಟಿಯಾದ ಮೇಲೆ ಫೋಮನ್ನು ಅಸಿಟೋನ್ ಎಂಬ ದ್ರಾವಕದಲ್ಲಿ ಕರಗಿಸಿ ಸುರಿಯಬೇಕು.

ಫೋಮ್ ತೆಗೆಯುವುದು ತೂಕ ಉಳಿಸಲೆಂದು ಬಹಳ ಮಂದಿ ತಿಳಿದಿದ್ದಾರೆ. ಲೆಕ್ಕ ಹಾಕಿ ನೋಡಿ: ಬಿಬಿ ಸಂದಿನ ತಿರುಳು ಸುಮಾರು 300 ಘನ ಸೆಂ.ಮೀ., ಸಾಂದ್ರತೆ ಘನ ಮೀಟರಿಗೆ 30 ಕೆ.ಜಿ. ಅಂದರೆ ತೂಕ ಬರೀ 9 ಗ್ರಾಂ. ತೆಗೆಯುವ ಕಾರಣ ಬೇರೆ. ಮಲೆನಾಡಿನ ಮಳೆಯಲ್ಲಿ ನೀರು ಸೀಟ್ ಟ್ಯೂಬಿನಿಂದ ಇಳಿದು ಬಿಬಿಯಲ್ಲಿ ನಿಲ್ಲುತ್ತದೆ. ಅಲ್ಲಿ ಫೋಮ್ ಇದ್ದರೆ ನೀರಿಗೆ ದಾರಿ ಸಿಗದೆ, ಬೇರಿಂಗ್ ಕೂರುವ ಅಲ್ಯೂಮಿನಿಯಂ ಕೊಳವೆಯಾದ ಶೆಲ್ ತಿಂಗಳುಗಟ್ಟಲೆ ತೇವದಲ್ಲೇ ಇರುತ್ತದೆ. ಒಳಗೆ ಕೇಬಲ್ ಎಳೆಯಲು ಆಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಟ್ಟಿದ ಸಂದಿನ ಒಳಮೈ ಕಾಣುವುದಿಲ್ಲ. ಒಣ ಎಳೆ, ಗಾಳಿಗುಳ್ಳೆ, ಮಡಿಕೆ ಇವೆಲ್ಲ ಒಳಗಿನಿಂದಲೇ ಪತ್ತೆಯಾಗುವಂಥವು. ಕಣ್ಣಿಗೆ ಕಾಣದ ಸಂದನ್ನು ನಂಬಿ ಘಾಟಿ ಇಳಿಯಬಾರದು.

ಯಾವ ಫೋಮ್

ಪಾಲಿಸ್ಟೈರೀನ್ ಫೋಮ್ ಅಸಿಟೋನಿನಲ್ಲಿ ಸುಲಭವಾಗಿ ಕರಗುತ್ತದೆ. ಅದರಲ್ಲಿ ಎರಡು ಬಗೆ. ಟಿವಿ, ಫ್ರಿಜ್ ಪ್ಯಾಕಿಂಗಿನಲ್ಲಿ ಬರುವ ಬಿಳಿ ಗುಳಿಗೆಗಳ ಥರ್ಮಾಕೋಲ್ ಒಂದು. ಛಾವಣಿಯ ಶಾಖ ತಡೆಯಲು ಹಾಕುವ, ನೀಲಿ ಅಥವಾ ಗುಲಾಬಿ ಬಣ್ಣದ, ಗುಳಿಗೆಯಿಲ್ಲದ ಎಕ್ಸ್‌ಪಿಎಸ್ ಹಲಗೆ ಇನ್ನೊಂದು. ನಿಮಗೆ ಬೇಕಾದ್ದು ಎಕ್ಸ್‌ಪಿಎಸ್. ಥರ್ಮಾಕೋಲನ್ನು ಉಜ್ಜಿದರೆ ಗುಳಿಗೆಗಳು ಕಿತ್ತು ಬಂದು ಮೈ ತರಿತರಿಯಾಗುತ್ತದೆ, ಆ ತರಿ ಸಂದಿನ ಒಳಮೈಯಲ್ಲಿ ಅಚ್ಚೊತ್ತುತ್ತದೆ. ಹಗುರ ಥರ್ಮಾಕೋಲ್ ಸುಮಾರು 60ರಿಂದ 70 ಕಿಲೋಪಾಸ್ಕಲ್ ಒತ್ತಡಕ್ಕೇ ಕುಸಿಯುತ್ತದೆ, ಒಳ್ಳೆಯ ಎಕ್ಸ್‌ಪಿಎಸ್ 200ಕ್ಕೂ ಮೀರಿ ತಡೆಯುತ್ತದೆ. ಗಾಳಿ ಹೀರಿ ಪದರಗಳನ್ನು ಒತ್ತುವ ವ್ಯಾಕ್ಯೂಮ್ ಬ್ಯಾಗ್ ಹಾಕುವವರಿಗೆ ಈ ವ್ಯತ್ಯಾಸವೇ ನಿರ್ಣಾಯಕ.

ಹಳದಿ ಪಾಲಿಯುರೆಥೇನ್ ಫೋಮ್ ಅಸಿಟೋನಿನಲ್ಲಿ ಕರಗುವುದಿಲ್ಲ. ತಂದ ಹಲಗೆಯ ಒಂದು ತುಂಡನ್ನು ಮೊದಲೇ ಅಸಿಟೋನಿಗೆ ಹಾಕಿ ನೋಡಿ. ಸೊರ್ರೆಂದು ಕುಗ್ಗಿ ಅಂಟಾದರೆ ಸರಿಯಾದ ಮಾಲು. ಬಟ್ಟೆ ನೆನೆಸುವ ರೆಸಿನ್ ಕೂಡ ಎಪಾಕ್ಸಿಯೇ ಆಗಿರಬೇಕು. ಫೈಬರ್ ಶೀಟಿನ ಕೆಲಸಕ್ಕೆ ಬಳಸುವ ಪಾಲಿಯೆಸ್ಟರ್ ರೆಸಿನ್‌ನಲ್ಲಿ ಸ್ಟೈರೀನ್ ಇರುವುದರಿಂದ ಅದು ಬಟ್ಟೆ ಸುತ್ತುವಾಗಲೇ ತಿರುಳನ್ನು ತಿಂದುಬಿಡುತ್ತದೆ.

ಬೇಕಾದ ಸಾಮಾನು

ಸುತ್ತಬೇಕಾದ ಮೈ ಸುಮಾರು 450 ಚದರ ಸೆಂ.ಮೀ. 10 ಪದರ, ಚದರ ಮೀಟರಿಗೆ 200 ಗ್ರಾಂ ತೂಗುವ ಬಟ್ಟೆ ಎಂದರೆ 90 ಗ್ರಾಂ ಕಾರ್ಬನ್. ಕತ್ತರಿಸುವಾಗ ಹೋಗುವುದನ್ನು ಸೇರಿಸಿ ಓರೆ ನೇಯ್ಗೆಯ 3ಕೆ ಟ್ವಿಲ್ ಬಟ್ಟೆ ಅರ್ಧ ಚದರ ಮೀಟರ್, ಎಳೆಯೆಲ್ಲ ಒಂದೇ ದಿಕ್ಕಿಗಿರುವ ಯುಡಿ ಬಟ್ಟೆ ಕಾಲು ಚದರ ಮೀಟರ್ ತನ್ನಿ. ಜೊತೆಗೆ ಚದರ ಮೀಟರಿಗೆ 100 ಗ್ರಾಂ ತೂಗುವ ಗಾಜಿನ ಬಟ್ಟೆಯ ಒಂದು ಅಂಗೈಯಗಲದ ತುಂಡು, ಪೀಲ್ ಪ್ಲೈ (ಎಪಾಕ್ಸಿ ಗಟ್ಟಿಯಾದ ಮೇಲೆ ಕಿತ್ತು ತೆಗೆಯುವ ಬಟ್ಟೆ), ಕಂದು ಪ್ಯಾಕಿಂಗ್ ಟೇಪ್, ಎರಡು ಹಳೆಯ ಸೈಕಲ್ ಟ್ಯೂಬ್, ಅರ್ಧ ಲೀಟರ್ ಅಸಿಟೋನ್, 0.1 ಗ್ರಾಂ ತೋರಿಸುವ ತಕ್ಕಡಿ.

ಎಪಾಕ್ಸಿಯಲ್ಲಿ ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬುಗಳಿಗೆ ಪರಿಚಿತವಾದ ಜೋಡಿ ಎಲ್‌ವೈ 556 ರೆಸಿನ್ ಮತ್ತು ಅದನ್ನು ಗಟ್ಟಿಯಾಗಿಸುವ ಎಚ್‌ವೈ 951 ಹಾರ್ಡನರ್. ಸಾಮಾನ್ಯವಾಗಿ ತೂಕದಲ್ಲಿ 100ಕ್ಕೆ 10ರಂತೆ ಬೆರೆಸುತ್ತಾರೆ. ಬೇರೆ ಜೋಡಿ ತಂದರೆ ಅದರ ಡಬ್ಬಿಯ ಮೇಲಿನ ಅಳತೆಯನ್ನೇ ಹಿಡಿಯಿರಿ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚಿಸಬೇಡಿ, ಹೆಚ್ಚಾದ ಹಾರ್ಡನರ್ ಹಾಗೇ ಉಳಿದು ಸಂದನ್ನು ಮೆದುವಾಗಿಸುತ್ತದೆ. ಐದು ನಿಮಿಷದ ಎಪಾಕ್ಸಿಯನ್ನು ಈ ಸಂದಿನ ಹತ್ತಿರವೂ ತರಬೇಡಿ. ಕೊನೆಗೆ ಬರುವ ಅಸಿಟೋನಿಗೆ ಮೊದಲು ಸೋಲುವುದು ಅದೇ.

ಕೊಳವೆ ಮತ್ತು ಶೆಲ್ಲಿನ ತಯಾರಿ

ಅಲ್ಯೂಮಿನಿಯಂ ಬಿಬಿ ಶೆಲ್ 68 ಮಿ.ಮೀ. ಅಗಲದ್ದು, ಥ್ರೆಡ್ 1.37 ಇಂಚು ವ್ಯಾಸದ್ದು, ಇಂಚಿಗೆ 24 ಸುತ್ತಿನದು ಇರಲಿ. ಶೆಲ್ಲಿನ ನಡುವೆ, ಥ್ರೆಡ್ ಬೇಕಿಲ್ಲದ ಜಾಗದಲ್ಲಿ, ಮೇಲ್ಮುಖವಾಗಿ 10 ಮಿ.ಮೀ. ತೂತು ಮತ್ತು ತಳದಲ್ಲಿ 5 ಮಿ.ಮೀ. ತೂತು ಈಗಲೇ ಕೊರೆಯಿರಿ. ಮೇಲಿನದು ಕೇಬಲ್ಲಿಗೆ, ತಪಾಸಣೆಗೆ. ಕೆಳಗಿನದು ನೀರು ಇಳಿಯಲು. ತಳದ ತೂತಿಗೊಂದು ಮೇಣದ ಬೆಣೆ ಜಡಿದಿಡಿ, ಇಲ್ಲವಾದರೆ ಮೇಲಿನ ಕಾರ್ಬನ್ ಪದರ ಅದನ್ನು ಮುಚ್ಚಿ ರೆಸಿನ್ ಒಳಗಿಳಿಯುತ್ತದೆ; ಗಟ್ಟಿಯಾದ ಮೇಲೆ ಒಳಗಿನಿಂದ ಡ್ರಿಲ್ ಹಾಯಿಸಿ ತೆರೆದರೆ ಸಾಕು. ಎರಡು ಹಳೆಯ ಬಿಬಿ ಕಪ್‌ಗಳಿಗೆ (ಶೆಲ್ಲಿಗೆ ತಿರುಗಿಸಿ ಕೂರಿಸುವ ಬೇರಿಂಗ್ ಬಟ್ಟಲುಗಳಿಗೆ) ನೆಲ ಹೊಳೆಯಿಸುವ ಮೇಣ ಸವರಿ ತಿರುಗಿಸಿಡಿ, ಥ್ರೆಡ್ಡಿಗೆ ರೆಸಿನ್ ಹೋಗುವುದಿಲ್ಲ. ಚೈನ್ ಬದಿಯದು ಎಡ ಥ್ರೆಡ್ ಎಂಬುದು ನೆನಪಿರಲಿ.

ಕೊಳವೆಗಳ ತುದಿ ಶೆಲ್ಲಿಗೆ ತಾಗಬಾರದು, 12ರಿಂದ 15 ಮಿ.ಮೀ. ದೂರ ನಿಲ್ಲಬೇಕು. ಈ ಅಂತರವನ್ನು ತಿರುಳು ತುಂಬುತ್ತದೆ. ತಿರುಳು ಹೋದ ಮೇಲೆ ಭಾರವೆಲ್ಲ ಸುತ್ತಿದ ಕಾರ್ಬನ್ನಿನ ಮೇಲೇ ಬೀಳುವುದರಿಂದ, ಸಂದಿನ ಗೋಡೆ ಕೊಳವೆಯ ಗೋಡೆಗಿಂತ ಎರಡು ಪಟ್ಟಿರಲಿ. ಕೊಳವೆ 1.3 ಮಿ.ಮೀ. ಇದ್ದರೆ ಸಂದು 2.5 ಮಿ.ಮೀ.ಗೆ ಕಡಿಮೆ ಇರಬಾರದು.

ಜೋಡಣೆ ನೇರವಾಗಿರಲು ಅಡುಗೆಮನೆ ಕಟ್ಟೆಗೆ ಹಾಕುವ 20 ಮಿ.ಮೀ. ದಪ್ಪದ ಗ್ರಾನೈಟ್ ಚಪ್ಪಡಿಗಿಂತ ಅಗ್ಗದ ಸಮತಟ್ಟು ಮೇಜು ಬೇರಿಲ್ಲ. ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಹಿಡಿದು, ಬೆಳಕು ನುಸುಳದ ಚಪ್ಪಡಿ ಆರಿಸಿಕೊಳ್ಳಿ. ಶೆಲ್ಲನ್ನು ಮುಖ ಕೆಳಗಾಗಿ ಅದಕ್ಕೆ ಬಿಗಿದು, ಕೊಳವೆಗಳನ್ನು ಮರದ ವಿ-ಬ್ಲಾಕುಗಳ ಮೇಲೆ ಒಂದೇ ಎತ್ತರಕ್ಕೆ ನಿಲ್ಲಿಸಿ.

ಇನ್ನು ಅಂಟಿನ ಮಾತು. 38 ಮಿ.ಮೀ. ವ್ಯಾಸದ ಕೊಳವೆಯ ಮೇಲೆ ಬಟ್ಟೆ 50 ಮಿ.ಮೀ. ಹತ್ತಿದರೆ ಅಂಟುವ ಮೈ ಸುಮಾರು 60 ಚದರ ಸೆಂ.ಮೀ. ಚದರ ಮಿ.ಮೀ.ಗೆ ಬರೀ 5 ನ್ಯೂಟನ್ ಹಿಡಿತ ಸಿಕ್ಕರೂ ಒಟ್ಟು ಮೂರು ಟನ್ ಆಗುತ್ತದೆ. ಹಾಗಾಗಿ ಇಂಥ ಸಂದು ಬಿಡುವುದು ಜಾಗ ಸಾಲದೆ ಅಲ್ಲ, ಮೈ ಕೊಳೆಯಾಗಿದ್ದುದಕ್ಕೆ. ಕೊಳವೆಯನ್ನು 120 ನಂಬರಿನ ಸ್ಯಾಂಡ್ ಪೇಪರಿನಿಂದ ಹೊಳಪು ಪೂರ್ತಿ ಹೋಗುವಷ್ಟು ಉಜ್ಜಿ, ಎಳೆ ಕತ್ತರಿಸುವಷ್ಟು ಬೇಡ. ಆಮೇಲೆ ಅಸಿಟೋನ್ ಅದ್ದಿದ ಬಿಳಿ ಬಟ್ಟೆಯಿಂದ, ಬಟ್ಟೆ ಕಪ್ಪಾಗದಷ್ಟು ಸಲ ಒರೆಸಿ. ಕೊನೆಗೆ ನೀರು ಚಿಮುಕಿಸಿ: ನೀರು ಕೆಸುವಿನೆಲೆಯ ಮೇಲಿನ ಹನಿಯಂತೆ ಉಂಡೆಯಾದರೆ ಇನ್ನೂ ಜಿಡ್ಡಿದೆ, ಹಾಳೆಯಂತೆ ಹರಡಿದರೆ ಮೈ ಸಿದ್ಧ. ಒಣಗಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ.

ಅಲ್ಯೂಮಿನಿಯಂನದ್ದು ಇನ್ನೂ ಸೂಕ್ಷ್ಮ. ಉಜ್ಜಿದ ಕೂಡಲೇ ಗಾಳಿ ತಾಗಿ ಹೊಸ ಆಕ್ಸೈಡ್ ಪೊರೆ ಕಟ್ಟುತ್ತದೆ. ಅದಕ್ಕೇ ಮೊದಲು ಎಪಾಕ್ಸಿ ಇಲ್ಲದೆ ಒಮ್ಮೆ ಉಜ್ಜಿ ಒರೆಸಿ, ಸುತ್ತುವ ಹೊತ್ತಿಗೆ ಶೆಲ್ಲಿನ ಮೇಲೆ ಕಲಸಿದ ಎಪಾಕ್ಸಿ ಸವರಿ, ಆ ಎಪಾಕ್ಸಿಯ ಅಡಿಯಲ್ಲೇ ಸ್ಯಾಂಡ್ ಪೇಪರಿನಿಂದ ಮತ್ತೆ ಉಜ್ಜಬೇಕು. ಹೊಸ ಲೋಹ ಗಾಳಿಯನ್ನೇ ಕಾಣದೆ ರೆಸಿನ್ನಿಗೆ ಸಿಗುತ್ತದೆ. ಬೂದು ಬಣ್ಣಕ್ಕೆ ತಿರುಗಿದ ಆ ಎಪಾಕ್ಸಿ ಒರೆಸಿ, ಹೊಸದನ್ನು ಸವರಿ, ಕೂಡಲೇ ಗಾಜಿನ ಬಟ್ಟೆಯ ಒಂದು ಸುತ್ತು ಹಾಕಿ. ಕಾರ್ಬನ್ ವಿದ್ಯುತ್ ಹಾಯಿಸುತ್ತದೆ. ತೇವವೂ ಸೇರಿ ಅದು ಅಲ್ಯೂಮಿನಿಯಂಗೆ ನೇರ ತಾಗಿದರೆ ಬ್ಯಾಟರಿಯಂತಾಗಿ ಲೋಹ ಬಿಳಿ ಹಿಟ್ಟಾಗಿ ಉದುರುತ್ತದೆ. ಗಾಜಿನ ಬಟ್ಟೆ ಶೆಲ್ಲಿನ ಅಂಚಿನಿಂದ ಎರಡೂ ಕಡೆ 5 ಮಿ.ಮೀ. ಹೊರಬರಲಿ, ಆಮೇಲೆ ಕತ್ತರಿಸಿದರಾಯಿತು.

ತಿರುಳು ಕೆತ್ತುವುದು

ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ. ಮದುವೆ ಮಂಟಪಕ್ಕೆ ಥರ್ಮಾಕೋಲಿನಲ್ಲಿ ಹೆಸರು ಕೊರೆಯುವವರ ಬಳಿ ಬಿಸಿತಂತಿಯ ಗರಗಸ ಇರುತ್ತದೆ. 50 ಮಿ.ಮೀ. ಹಲಗೆಯ ಎರಡು ತುಂಡುಗಳನ್ನು ಒರಟು ಆಕಾರಕ್ಕೆ ಅವರಿಂದಲೇ ಕತ್ತರಿಸಿಕೊಳ್ಳಬಹುದು. ಎರಡು ತುಂಡು ಶೆಲ್ಲನ್ನು ಎರಡು ಕಡೆಯಿಂದ ತಬ್ಬಿಕೊಳ್ಳಬೇಕು. ಜೋಡಿಸಲು ಚಪ್ಪಲಿ ಅಂಟು, ರಬ್ಬರ್ ಸೊಲ್ಯೂಷನ್ ಬಳಸಿದರೆ ಫೋಮ್ ಅಲ್ಲೇ ಕರಗುತ್ತದೆ. ಎರಡು ಮೈಯ ಅಂಟು ಟೇಪಿನ ಚೂರುಗಳು ಸಾಕು.

ಪ್ರತಿ ಕೊಳವೆಯ ಬಾಯಿಗೂ ತಿರುಳಿನಿಂದ 15 ಮಿ.ಮೀ. ಉದ್ದದ ಬಿರಡೆ ಹೊರಟು ಬಿಗಿಯಾಗಿ ಕೂರಬೇಕು. ಹೊರಗೆ ಕಾಣುವ ತಿರುಳಿನ ಮೈ ಕೊಳವೆಯ ಹೊರಮೈಗೆ ಸರಿಸಮ ಇರಬೇಕು. ಅರ್ಧ ಮಿ.ಮೀ. ಮೆಟ್ಟಿಲು ಉಳಿದರೂ ಅದರ ಮೇಲೆ ಹಾಯುವ ಎಳೆ ಅಲ್ಲಿ ಮುರಿದಂತೆ ಬಾಗುತ್ತದೆ, ಭಾರ ಬಿದ್ದಾಗ ಪದರ ಬಿಡಲು ಶುರುವಾಗುವುದು ಅಲ್ಲಿಂದಲೇ. ಸಣ್ಣ ಉಕ್ಕಿನ ಸ್ಕೇಲನ್ನು ಕೊಳವೆಯಿಂದ ತಿರುಳಿಗೆ ಅಡ್ಡವಿಟ್ಟು ಸುತ್ತಲೂ ನೋಡಿ. ಒರಟು ಕೆಲಸಕ್ಕೆ ಹ್ಯಾಕ್ಸಾ ಬ್ಲೇಡ್, ಆಮೇಲೆ 80, ಕೊನೆಗೆ 150 ನಂಬರಿನ ಪೇಪರ್.

ಕೊಳವೆಗಳ ನಡುವಿನ ಕವೆಗಳನ್ನು ಮೊನಚಾಗಿ ಬಿಡಬೇಡಿ. ಡೌನ್ ಟ್ಯೂಬ್ ಮತ್ತು ಸೀಟ್ ಟ್ಯೂಬಿನ ನಡುವೆ ಕನಿಷ್ಠ 10 ಮಿ.ಮೀ. ತ್ರಿಜ್ಯದ ಬಾಗು ಕೊಡಿ. ಮೊನಚು ಕವೆಯಲ್ಲಿ ಬಟ್ಟೆ ತಳಕ್ಕಿಳಿಯದೆ ಸೇತುವೆಯಂತೆ ಎದ್ದು ನಿಲ್ಲುತ್ತದೆ, ಅಡಿಯಲ್ಲಿ ಬರೀ ರೆಸಿನ್ ಅಥವಾ ಬರೀ ಗಾಳಿ. ಚೈನ್ ಸ್ಟೇಗಳ ನಡುವೆ ಟೈರಿಗೆ ಎರಡೂ ಕಡೆ 6 ಮಿ.ಮೀ. ಜಾಗ ಬೇಕು, ಅದರಲ್ಲಿ ಸಂದಿನ ದಪ್ಪವನ್ನೂ ಕಳೆದು ಕೆತ್ತಿ.

ಗುಂಡಿ ಬಿದ್ದರೆ ಗೋಡೆ ಪುಟ್ಟಿ ತುಂಬಬೇಡಿ, ಅದು ಕರಗುವುದಿಲ್ಲ. ಬದಲು ತಿರುಳಿಗೆಲ್ಲ ಪ್ಯಾಕಿಂಗ್ ಟೇಪ್ ಹೊದಿಸಿ. ಎಪಾಕ್ಸಿ ಅದಕ್ಕೆ ಹಿಡಿಯುವುದಿಲ್ಲ, ಅಸಿಟೋನ್ ಅದನ್ನು ಕರಗಿಸುವುದಿಲ್ಲ, ಫೋಮ್ ಹೋದ ಮೇಲೆ ಸಿಪ್ಪೆಯಂತೆ ಎಳೆದು ತೆಗೆಯಬಹುದು. ಅಗಲ ಟೇಪನ್ನು ಹಾಗೇ ಸುತ್ತಿದರೆ ಬಾಗುಗಳಲ್ಲಿ ಸುಕ್ಕು ಬೀಳುತ್ತದೆ. 12 ಮಿ.ಮೀ. ಪಟ್ಟಿಗಳಾಗಿ ಸೀಳಿ, ಅರ್ಧಕ್ಕರ್ಧ ಮೇಲೆಬೀಳುವಂತೆ ಹಚ್ಚಿ, ಚಮಚದ ಬೆನ್ನಿನಿಂದ ಉಜ್ಜಿ. ಟೇಪ್ ಕೊಳವೆಯ ಅಂಚಿಗೆ 1 ಮಿ.ಮೀ. ಮೊದಲೇ ನಿಲ್ಲಬೇಕು. ಕೊಳವೆಯ ಮೇಲೋ ಅಲ್ಯೂಮಿನಿಯಂ ಮೇಲೋ ಒಂದು ಚೂರು ಹತ್ತಿದರೂ ಅಷ್ಟು ಜಾಗದಲ್ಲಿ ಅಂಟು ಇಲ್ಲ ಎಂದೇ ಲೆಕ್ಕ.

ಸುತ್ತುವುದು: ಎರಡು ಸರದಿ

ಹತ್ತೂ ಪದರವನ್ನು ಒಟ್ಟಿಗೆ ಹಾಕಬೇಡಿ. ಎಪಾಕ್ಸಿ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಒಳಗಿನ ಫೋಮ್ ಆ ಬಿಸಿಯನ್ನು ಹೊರಬಿಡುವುದಿಲ್ಲ. 75 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪಾಲಿಸ್ಟೈರೀನ್ ಮೆದುವಾಗಿ ಕುಸಿಯುತ್ತದೆ. ಐದೈದು ಪದರದ ಎರಡು ಸರದಿ ಸುರಕ್ಷಿತ.

ಮೊದಲ ಸರದಿ: ಎಳೆಗಳು ಕೊಳವೆಗೆ ±45 ಡಿಗ್ರಿಯಲ್ಲಿ ಬರುವಂತೆ ಕತ್ತರಿಸಿದ ಟ್ವಿಲ್ ಎರಡು, ಯುಡಿ ಎರಡು, ಮತ್ತೆ ಟ್ವಿಲ್ ಒಂದು. ಎರಡನೆಯದು: ಟ್ವಿಲ್ ಒಂದು, ಯುಡಿ ಎರಡು, ಟ್ವಿಲ್ ಎರಡು. ಟ್ವಿಲ್ ತಿರುಚುವಿಕೆಯನ್ನು ತಡೆಯುತ್ತದೆ, ಯುಡಿ ಬಾಗುವಿಕೆಯನ್ನು. ಯುಡಿಯನ್ನು 25 ಮಿ.ಮೀ. ಪಟ್ಟಿಗಳಾಗಿ ಕತ್ತರಿಸಿ, ಡೌನ್ ಟ್ಯೂಬಿನ ಎಡಗಡೆಯಿಂದ ಶೆಲ್ಲಿನ ತಳ ಬಳಸಿ ಬಲ ಚೈನ್ ಸ್ಟೇಗೆ, ಬಲಗಡೆಯಿಂದ ಎಡಕ್ಕೆ, ಹೂವಿನ ಮಾಲೆ ಕಟ್ಟುವ ದಾರದ ಹಾಗೆ ಅಡ್ಡಹಾಯಿಸಿ. ಸೀಟ್ ಟ್ಯೂಬಿನಿಂದಲೂ ಹೀಗೆಯೇ. ಪಟ್ಟಿ ಎಲ್ಲೂ ಸಂದಿನ ನಡುವೆ ಕೊನೆಯಾಗಬಾರದು, ಒಂದು ಕೊಳವೆಯಿಂದ ಇನ್ನೊಂದಕ್ಕೆ ತುಂಡಾಗದೆ ಹಾಯಬೇಕು.

ಮೊದಲ ಪದರ ಕೊಳವೆಯ ಮೇಲೆ 20 ಮಿ.ಮೀ. ಹತ್ತಲಿ. ಮುಂದಿನ ಒಂದೊಂದೂ 4ರಿಂದ 5 ಮಿ.ಮೀ. ಮುಂದೆ ಹೋಗಲಿ, ಕೊನೆಯದು 60 ಮಿ.ಮೀ.ಗೆ ಮುಟ್ಟುತ್ತದೆ. ಎಲ್ಲ ಪದರಗಳೂ ಒಂದೇ ಗೆರೆಯಲ್ಲಿ ಮುಗಿದರೆ ಆ ಗೆರೆಯಲ್ಲೇ ಕೊಳವೆ ಬಿರಿಯುತ್ತದೆ. ಮೊದಲು ಕಾಗದದಲ್ಲಿ ಮಾದರಿ ಕತ್ತರಿಸಿ, ರೆಸಿನ್ ಹಚ್ಚದೆಯೇ ಒಮ್ಮೆ ಸುತ್ತಿ ನೋಡಿ, ತುಂಡುಗಳಿಗೆ ನಂಬರ್ ಬರೆದು ಸಾಲಾಗಿಡಿ.

ಪ್ರತಿ ಸರದಿಗೆ ರೆಸಿನ್ 45 ಗ್ರಾಂ, ಹಾರ್ಡನರ್ 4.5 ಗ್ರಾಂ. ಬಟ್ಟಲಿನ ಅಂಚು, ತಳ ಕೆರೆಯುತ್ತ ಎರಡು ನಿಮಿಷ ಕಲಸಿ, ಅಗಲ ತಟ್ಟೆಗೆ ಸುರಿಯಿರಿ. ಬಟ್ಟಲಲ್ಲೇ ಬಿಟ್ಟರೆ ತನ್ನ ಬಿಸಿಗೆ ತಾನೇ ಬೇಗ ಹೆಪ್ಪುಗಟ್ಟುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಬಟ್ಟೆಗೆ ರೆಸಿನ್ ಸವರಿ, ಇನ್ನೊಂದು ಹಾಳೆ ಮುಚ್ಚಿ, ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಒತ್ತಿ ಎಳೆದರೆ ಎಳೆಯೆಲ್ಲ ನೆನೆದು ಹೆಚ್ಚಿನದು ಹೊರಬರುತ್ತದೆ. ನೆನೆದ ಬಟ್ಟೆ ಒಂದೇ ಸಮ ಕಪ್ಪಾಗಿ ಕಾಣಬೇಕು. ಬೂದು ಮಚ್ಚೆ ಎಂದರೆ ಒಣ ಎಳೆ, ಕನ್ನಡಿಯ ಹೊಳಪು ಎಂದರೆ ರೆಸಿನ್ ಹೆಚ್ಚು.

ಒತ್ತುವುದು

ಪೀಲ್ ಪ್ಲೈ ಸುತ್ತಿ, ಅದರ ಮೇಲೆ 25 ಮಿ.ಮೀ. ಅಗಲಕ್ಕೆ ಸೀಳಿದ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಸುತ್ತಿ. ನಡುವಿನಿಂದ ಕೊಳವೆಗಳ ಕಡೆಗೆ ಸಾಗಿದರೆ ಗಾಳಿ, ರೆಸಿನ್ ಎರಡೂ ಹೊರಕ್ಕೆ ತಳ್ಳಿಸಿಕೊಳ್ಳುತ್ತವೆ. ರಬ್ಬರ್ ಉಬ್ಬಿದ ಜಾಗವನ್ನು ಚೆನ್ನಾಗಿ ಒತ್ತುತ್ತದೆ, ಕವೆಗಳನ್ನು ಒತ್ತುವುದೇ ಇಲ್ಲ. ಅದಕ್ಕಾಗಿ ಪ್ರತಿ ಕವೆಯಲ್ಲೂ ಅದರ ಬಾಗಿಗೆ ಹೊಂದುವ ರಬ್ಬರಿನ ಬೆಣೆ ಮೊದಲು ಇಟ್ಟು, ಅದರ ಮೇಲೆ ಪಟ್ಟಿ ಬಿಗಿಯಬೇಕು. ಸೋತ ಸಂದುಗಳನ್ನು ಕತ್ತರಿಸಿ ನೋಡಿದರೆ ಗುಳ್ಳೆ ಕಾಣುವುದು ಹೆಚ್ಚಾಗಿ ಈ ಕವೆಗಳಲ್ಲೇ.

ವ್ಯಾಕ್ಯೂಮ್ ಬ್ಯಾಗ್ ಇದ್ದರೆ ಇನ್ನೂ ಒಳ್ಳೆಯದು. ಆದರೆ ಕೊಳವೆಗಳ ಇನ್ನೊಂದು ತುದಿಗಳನ್ನು ಮುಚ್ಚಬೇಕು, ಇಲ್ಲವಾದರೆ ಟೇಪಿನ ಎಡೆಗಳಿಂದ ಗಾಳಿ ನುಗ್ಗಿ ಪದರದೊಳಗೆ ನೊರೆಯೇಳುತ್ತದೆ. ಮೀಟರ್ 20 ಇಂಚು (ಪಾದರಸದ ಅಳತೆ) ತೋರಿಸಿದರೆ ಸಾಕು. ಅದು ಸುಮಾರು 68 ಕಿಲೋಪಾಸ್ಕಲ್, ಎಕ್ಸ್‌ಪಿಎಸ್ ರಾತ್ರಿಯಿಡೀ ತಡೆಯುತ್ತದೆ. ಒಂದು ಮಾತು: ಚಿಕ್ಕಮಗಳೂರು, ಹಾಸನ ಎರಡೂ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ಸಾವಿರ ಮೀಟರ್ ಎತ್ತರದಲ್ಲಿವೆ. ಎಷ್ಟೇ ಒಳ್ಳೆಯ ಪಂಪ್ ಇದ್ದರೂ ಇಲ್ಲಿ 26 ಇಂಚಿನ ಸುಮಾರಿಗೆ ಮುಳ್ಳು ನಿಲ್ಲುತ್ತದೆ. ಪುಸ್ತಕದ 29 ಬರಲಿಲ್ಲವೆಂದು ಇಲ್ಲದ ಸೋರಿಕೆ ಹುಡುಕಬೇಡಿ.

ನಮ್ಮ ಹವೆ

ಜೂನ್‌ನಿಂದ ಆಗಸ್ಟ್ ಈ ಕೆಲಸಕ್ಕೆ ಕೆಟ್ಟ ಕಾಲ. ತೇವದ ಗಾಳಿ ತಾಗಿದ ಹಾರ್ಡನರ್ ಗಟ್ಟಿಯಾಗುತ್ತಿರುವ ಮೈಮೇಲೆ ಮೇಣದಂಥ ಪೊರೆ ಕಟ್ಟುತ್ತದೆ. ಅದರ ಮೇಲೆ ಎರಡನೆಯ ಸರದಿ ಹಾಕಿದರೆ ಎರಡರ ನಡುವೆ ಹಿಡಿತವೇ ಇರುವುದಿಲ್ಲ. ಪೀಲ್ ಪ್ಲೈ ಕಿತ್ತ ಮೇಲೆ ಬಿಸಿನೀರಿನಲ್ಲಿ ಸ್ಕ್ರಬ್ಬರಿನಿಂದ ತೊಳೆದು, ಒಣಗಿಸಿ, ಆಮೇಲೆ ಉಜ್ಜಿ. ತೊಳೆಯದೆ ಉಜ್ಜಿದರೆ ಪೊರೆ ಇನ್ನಷ್ಟು ಒಳಗೆ ಮೆತ್ತಿಕೊಳ್ಳುತ್ತದೆ. ಡಿಸೆಂಬರ್ ರಾತ್ರಿಯ 15 ಡಿಗ್ರಿಯಲ್ಲಿ ತೊಂದರೆ ಬೇರೆ: 10 ಡಿಗ್ರಿ ಇಳಿದರೆ ಗಟ್ಟಿಯಾಗುವ ಸಮಯ ಎರಡು ಪಟ್ಟಾಗುತ್ತದೆ. ಬೆಳಗ್ಗೆ ಉಗುರು ಒತ್ತಿದರೆ ಗುರುತು ಬೀಳುವ ಸಂದಿಗೆ ಅಸಿಟೋನ್ ತೋರಿಸಬೇಡಿ.

ತಿರುಳು ಕರಗಿಸುವುದು

ಎರಡನೆಯ ಸರದಿ ಮುಗಿದು 24 ಗಂಟೆ ಬಿಟ್ಟು, 50 ಡಿಗ್ರಿಯಲ್ಲಿ ಆರು ಗಂಟೆ ಇಡಿ, ಅಥವಾ ಬಿಸಿಯಿಲ್ಲದೆ ಒಂದು ವಾರ ಬಿಡಿ. ಅರೆಗಟ್ಟಿ ಎಪಾಕ್ಸಿಯನ್ನು ಅಸಿಟೋನ್ ಊದಿಸಿ ಮೆದುಗೊಳಿಸುತ್ತದೆ. ಪೂರ್ತಿ ಗಟ್ಟಿಯಾದದ್ದು ಕೆಲವು ನಿಮಿಷದ ಸ್ಪರ್ಶವನ್ನು ತಡೆದುಕೊಳ್ಳುತ್ತದೆ.

ಈ ಕೆಲಸ ಅಂಗಳದಲ್ಲಿ, ಹಗಲಲ್ಲಿ. ಅಸಿಟೋನಿನ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದು ದೂರದ ಕಿಡಿಯನ್ನೂ ಮುಟ್ಟುತ್ತದೆ. ಬಚ್ಚಲೊಲೆ ಉರಿಯುತ್ತಿರುವಾಗ ಅದರ ಹತ್ತಿರ ಬೇಡವೇ ಬೇಡ. ಎಪಾಕ್ಸಿಗೆ ಸರಿಯಾದ ನೀಲಿ ನೈಟ್ರೈಲ್ ಗ್ಲೌಸ್ ಅಸಿಟೋನನ್ನು ತಡೆಯುವುದಿಲ್ಲ, ಬ್ಯೂಟೈಲ್ ರಬ್ಬರಿನದ್ದು ಬೇಕು. ಅಸಿಟೋನ್ ಬದಲು ಪೆಟ್ರೋಲ್ ಬಳಸುವವರಿದ್ದಾರೆ. ನಿಧಾನವಾಗಿ ಕರಗಿಸುತ್ತದೆ, ಬೆಂಕಿಯ ಅಪಾಯ ಹೆಚ್ಚು, ಬೇಡ.

ಮೊದಲು ಕೈಗೆ ಸಿಗುವಷ್ಟನ್ನು ಅಸಿಟೋನ್ ಹಾಕದೆಯೇ ತೆಗೆಯಿರಿ. ಹಳೆಯ ಸ್ಪೋಕಿನ ತುದಿ ಬಾಗಿಸಿ ಕೊಕ್ಕೆ ಮಾಡಿ, ಸೀಟ್ ಟ್ಯೂಬಿನಿಂದಲೂ ಶೆಲ್ಲಿನ 10 ಮಿ.ಮೀ. ತೂತಿನಿಂದಲೂ ಫೋಮನ್ನು ಪುಡಿಪುಡಿಯಾಗಿ ಕೆದಕಿ. ಮುಕ್ಕಾಲು ಭಾಗ ಹೀಗೇ ಬರುತ್ತದೆ. ಕೊಕ್ಕೆ ಕಾರ್ಬನ್ ಗೋಡೆಯನ್ನು ಕೆರೆಯದಿರಲಿ. ಆಮೇಲೆ ಶೆಲ್ಲಿನ ಒಳಗೆ ಸೈಕಲ್ ಟ್ಯೂಬ್ ಸುತ್ತಿದ ಮರದ ಗೂಟ ಬಿಗಿಯಾಗಿ ತೂರಿಸಿ ತೂತು ಮುಚ್ಚಿ, ಚೈನ್ ಸ್ಟೇಗಳಿಗೂ ಬಿರಡೆ ಹಾಕಿ, ಸೀಟ್ ಟ್ಯೂಬಿನಿಂದ 150 ಮಿ.ಲೀ. ಅಸಿಟೋನ್ ಸುರಿದು ಅಲುಗಾಡಿಸಿ. ಐದು ನಿಮಿಷ ಸಾಕು. ಒಳಗೆ ಗಂಜಿಯಂಥ ಅಂಟು ಆಗಿರುತ್ತದೆ, ಅದು ಒಣಗಿ ಗೋಡೆಗೆ ಮೆತ್ತುವ ಮೊದಲೇ ಬಗ್ಗಿಸಿ ತಗಡಿನ ಡಬ್ಬಿಗೆ ಸುರಿಯಿರಿ. 100 ಮಿ.ಲೀ.ನಿಂದ ಇನ್ನೊಮ್ಮೆ ತೊಳೆಯಿರಿ. ಜೋತಾಡುವ ಟೇಪಿನ ಸಿಪ್ಪೆಯನ್ನು ಅದೇ ಸ್ಪೋಕಿನ ಕೊಕ್ಕೆಗೆ ಸುತ್ತಿ, ನೂಲು ಸುತ್ತುವಂತೆ ತಿರುಗಿಸುತ್ತ ಎಳೆದರೆ ಉದ್ದುದ್ದ ಬರುತ್ತದೆ. ಉಳಿದ ಅಂಟನ್ನು ಚರಂಡಿಗೋ ತೋಟಕ್ಕೋ ಚೆಲ್ಲದೆ, ತೆರೆದ ಡಬ್ಬಿಯಲ್ಲಿ ಹೊರಗೆ ಒಣಗಲು ಬಿಡಿ. ಗಟ್ಟಿ ಪ್ಲಾಸ್ಟಿಕ್ ಉಂಡೆಯಾಗುತ್ತದೆ, ಒಣ ಕಸಕ್ಕೆ ಹಾಕಬಹುದು.

ಫೋನಿಗೆ ಸಿಕ್ಕಿಸುವ ಎಂಡೋಸ್ಕೋಪ್ ಕ್ಯಾಮೆರಾ ಇಳಿಸಿ ಒಳಮೈ ನೋಡಿ. ನಯವಾಗಿ ಹೊಳೆಯುವ ಕಪ್ಪು ಸರಿ. ಬಿಳಿಚಿದ ನೇಯ್ಗೆ ಕಂಡರೆ ಅಲ್ಲಿ ರೆಸಿನ್ ತಲುಪಿಲ್ಲ. ಹೊರಗಿನಿಂದ ನಾಣ್ಯದಿಂದ ಒಂದೊಂದು ಸೆಂ.ಮೀ.ಗೂ ತಟ್ಟುತ್ತ ಹೋಗಿ: ಟಣ್ ಎಂಬ ಚುರುಕು ದನಿ ನಡುವೆ ದಬ್ ಎಂದು ಮಂಕಾದ ಕಡೆ ಗುರುತು ಹಾಕಿ. ನಾಣ್ಯಕ್ಕಿಂತ ದೊಡ್ಡ ಮಂಕು ಜಾಗ ಕವೆಯಲ್ಲಿದ್ದರೆ ತೇಪೆ ಹಚ್ಚುವುದು ಬೇಡ, ಕತ್ತರಿಸಿ ಹೊಸದಾಗಿ ಕಟ್ಟಿ.

ಬೇಯಿಸುವುದು ಮತ್ತು ಭಾರದ ಪರೀಕ್ಷೆ

ಅಸಿಟೋನ್ ಪೂರ್ತಿ ಆರಲು ಒಂದು ದಿನ ಗಾಳಿಗೆ ಬಿಡಿ. ವಾಸನೆ ಇರುವಾಗ ಬಿಸಿ ಪೆಟ್ಟಿಗೆಗೆ ಇಟ್ಟರೆ ಸಿಡಿಯಬಹುದು. ಪೆಟ್ಟಿಗೆ ಪ್ಲೈವುಡ್ಡಿನದಿರಲಿ, ಒಳಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿ. ಥರ್ಮಾಕೋಲ್ ಪೆಟ್ಟಿಗೆ ಈ ಬಿಸಿಗೆ ತಾನೇ ಕುಸಿಯುತ್ತದೆ. ಕೋಳಿಮರಿಗಳಿಗೆ ಶಾಖ ಕೊಡುವ ಬಲ್ಬುಗಳು ಮತ್ತು ಒಂದು ಥರ್ಮೋಸ್ಟಾಟ್ ಸಾಕು. 40 ಡಿಗ್ರಿಯಲ್ಲಿ ಎರಡು ಗಂಟೆ, 60ರಲ್ಲಿ ಎರಡು, 80ರಲ್ಲಿ ನಾಲ್ಕು, ಗಂಟೆಗೆ 10 ಡಿಗ್ರಿಯಂತೆ ಏರಿಸಿ, ಹಾಗೇ ಇಳಿಸಿ. ಕೊಳವೆಗಳು ಯಾವ ರೆಸಿನ್ನಿನವು ಎಂದು ಗೊತ್ತಿಲ್ಲದಿದ್ದರೆ 60ಕ್ಕೆ ನಿಲ್ಲಿಸಿ. ಈ ಬೇಯಿಸುವಿಕೆ ಬಿಟ್ಟರೆ, ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಪ್ಪು ಫ್ರೇಮಿನ ಸಂದು ಮೆತ್ತಗಾಗುವ ಸಾಧ್ಯತೆ ಉಂಟು.

ಸೈಕಲ್ ಸುರಕ್ಷತೆಯ ಐಎಸ್‌ಒ 4210 ಮಾನದಂಡದಲ್ಲಿ ಫ್ರೇಮಿನ ಪೆಡಲ್ ಪರೀಕ್ಷೆ 1 ಲಕ್ಷ ಸಲ ನಡೆಯುತ್ತದೆ. ಮನೆಯಲ್ಲಿ ಅಷ್ಟು ಸಾಧ್ಯವಿಲ್ಲ, ಹಾಗಾಗಿ ಹೀಗೆ ಕಟ್ಟಿದ್ದನ್ನು ಮಾರಬೇಡಿ. ಕನಿಷ್ಠ ಇಷ್ಟಂತೂ ಮಾಡಿ: ಫ್ರೇಮಿನ ಮುಂದಿನ ಹೆಡ್ ಟ್ಯೂಬ್ ಮತ್ತು ಹಿಂದಿನ ಚಕ್ರದ ಅಚ್ಚು ಕೂರುವ ಡ್ರಾಪ್‌ಔಟ್‌ಗಳನ್ನು ಗಟ್ಟಿ ಚೌಕಟ್ಟಿಗೆ ಬಿಗಿದು, ಬಿಬಿಯ ನಡುಗೆರೆಯಿಂದ 150 ಮಿ.ಮೀ. ಹೊರಗೆ ಬರುವ ಉಕ್ಕಿನ ತೋಳು ಹಾಕಿ, 50 ಕೆ.ಜಿ.ಯ ಎರಡು ಕಾಫಿ ಮೂಟೆ ತೂಗುಹಾಕಿ. ಶೆಲ್ಲಿನ ಅಂಚಿಗೆ ಸೂಕ್ಷ್ಮ ಅಲುಗಾಟ ಅಳೆಯುವ ಡಯಲ್ ಗೇಜ್ ಇಟ್ಟು ಎಷ್ಟು ಬಾಗಿತು ಬರೆದುಕೊಳ್ಳಿ. ಎಡಕ್ಕೆ ಹತ್ತು ಸಲ, ಬಲಕ್ಕೆ ಹತ್ತು ಸಲ. ಭಾರ ಇಳಿಸಿದಾಗ ಮುಳ್ಳು ಸೊನ್ನೆಗೆ ಮರಳಬೇಕು. ಹತ್ತನೆಯ ಸಲದ ಬಾಗು ಮೊದಲನೆಯದಕ್ಕಿಂತ ಹೆಚ್ಚಾಗಿದ್ದರೆ, ಅಥವಾ ಚಿಟ್ ಎಂಬ ಸಣ್ಣ ಸದ್ದು ಕೇಳಿದರೆ, ಒಳಗೆಲ್ಲೋ ಪದರ ಬಿಡುತ್ತಿದೆ.

ಪಾಸಾದ ಫ್ರೇಮಿಗೂ ಬಿಬಿಯ ಸುತ್ತ ಬಣ್ಣ ಹಚ್ಚದೆ ಪಾರದರ್ಶಕ ವಾರ್ನಿಷ್ ಮಾತ್ರ ಕೊಡಿ. 100 ಕಿ.ಮೀ.ಗೆ ಒಮ್ಮೆ, 500ಕ್ಕೆ ಒಮ್ಮೆ, ಆಮೇಲೆ ಪ್ರತಿ ಮಳೆಗಾಲ ಮುಗಿದ ಮೇಲೆ ಕ್ರ್ಯಾಂಕ್ ಬಿಚ್ಚಿ, ಅಲ್ಯೂಮಿನಿಯಂ ಮತ್ತು ಕಾರ್ಬನ್ ಸೇರುವ ಗೆರೆಯನ್ನು ಟಾರ್ಚ್ ಹಿಡಿದು ಸುತ್ತಲೂ ನೋಡಿ. ಅಲ್ಲಿ ಕೂದಲೆಳೆಯ ಬಿರುಕೋ ಬಿಳಿ ಹಿಟ್ಟೋ ಕಂಡರೆ ಆ ಫ್ರೇಮನ್ನು ಅಂದೇ ಗೋಡೆಗೆ ನೇತುಹಾಕಿ.